ರೇಡಾರ್ ವ್ಯಾಪ್ತಿ ನೂರಾರು ಕಿ.ಮೀ. ಇದ್ದರೂ ವಿಮಾನ ಕಾಣದಿರುವುದು ಹೇಗೆ?

ಪ್ರಶ್ನೆ: ಯುದ್ಧನೌಕೆಯ ರೇಡಾರ್ 200 ಕಿ.ಮೀ. ಆಚೆಯ ವಿಮಾನವನ್ನೂ ಪತ್ತೆಹಚ್ಚುತ್ತದೆ ಎನ್ನುತ್ತಾರೆ. ಹಾಗಿದ್ದರೆ 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಎಚ್‌ಎಂಎಸ್ ಶೆಫೀಲ್ಡ್ ಕ್ಷಿಪಣಿಗೆ ತುತ್ತಾಗಿದ್ದು ಹೇಗೆ?

ಉತ್ತರ: ಆ ವ್ಯಾಪ್ತಿ ಎತ್ತರದಲ್ಲಿ ಹಾರುವ ವಿಮಾನಕ್ಕೆ ಮಾತ್ರ. ಭೂಮಿ ಗುಂಡಗಿರುವುದರಿಂದ ದಿಗಂತದ ಕೆಳಗಿರುವುದು ರೇಡಾರ್‌ಗೆ ಕಾಣದು. ಆಂಟೆನಾ ಮತ್ತು ವಿಮಾನದ ಎತ್ತರಗಳನ್ನು ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ, ಎಷ್ಟು ಕಿ.ಮೀ. ದೂರದಲ್ಲಿ ಕಾಣಬಹುದೆಂದು ತಿಳಿಯುತ್ತದೆ. ಆಂಟೆನಾ 25 ಮೀ. ಎತ್ತರದಲ್ಲಿದ್ದರೆ 10,000 ಮೀ. ಎತ್ತರದ ವಿಮಾನಕ್ಕೆ ದಿಗಂತ 430 ಕಿ.ಮೀ. ಆಚೆಗಿದೆ. 30 ಮೀಟರಿಗೆ ಇಳಿದು ಬಂದರೆ ಬರೀ 43. ನೀರಿನಿಂದ 4 ಮೀ. ಮೇಲೆ ಬರುವ ಕ್ಷಿಪಣಿಗೆ 29. ಸೆಕೆಂಡಿಗೆ 300 ಮೀ. ವೇಗದಲ್ಲಿ ಬರುವ ಅದಕ್ಕೆ ಇಷ್ಟು ದೂರ ಒಂದೂವರೆ ನಿಮಿಷದ ದಾರಿ.

ಆ ಒಂದೂವರೆ ನಿಮಿಷವೂ ಪೂರ್ತಿ ಕೈಗೆ ಸಿಗುವುದಿಲ್ಲ. ನಿಮಿಷಕ್ಕೆ 12 ಸುತ್ತು ತಿರುಗುವ ಆಂಟೆನಾ ಒಂದೇ ದಿಕ್ಕನ್ನು ಮತ್ತೆ ನೋಡುವುದು 5 ಸೆಕೆಂಡಿನ ಬಳಿಕ. ಒಂದು ಪ್ರತಿಧ್ವನಿಯನ್ನು ನಂಬುವಂತಿಲ್ಲ. ಅಲೆಯದ್ದೋ ಹಕ್ಕಿಯದ್ದೋ ಆಗಿರಬಹುದು. ಗುರಿ ಮುಂದಿನ ಸುತ್ತಿನಲ್ಲಿ ಎಲ್ಲಿರಬೇಕೆಂದು ಕಂಪ್ಯೂಟರ್ ಅಂದಾಜಿಸಿ, ಎರಡು ಮೂರು ಬಾರಿ ಅಲ್ಲೇ ಸಿಕ್ಕರೆ ಮಾತ್ರ ಅದನ್ನು ಟ್ರ್ಯಾಕ್ (ಬೆನ್ನುಹತ್ತಬೇಕಾದ ನಿಜವಾದ ಗುರಿ) ಎಂದು ದಾಖಲಿಸುತ್ತದೆ. ಜತೆಗೆ ನೇರ ಬಂದ ರೇಡಿಯೊ ಅಲೆಯನ್ನು ನೀರಿನಿಂದ ಪುಟಿದು ಬಂದದ್ದು ಕೆಲವೊಮ್ಮೆ ಅಳಿಸಿಹಾಕುತ್ತದೆ. ಆಗ ಗುರಿ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಅರ್ಜೆಂಟೀನಾದ ಸೂಪರ್ ಎತಾಂದಾರ್ ವಿಮಾನಗಳು ಮೇ 4ರಂದು ಇದನ್ನೇ ಬಳಸಿಕೊಂಡವು. ನೀರಿಗೆ ತಾಗುವಂತೆ ಹಾರಿ, ಗುರಿ ನೋಡಲು ಕ್ಷಣಮಾತ್ರ ಮೇಲೆದ್ದು, ಎಕ್ಸೊಸೆಟ್ ಕ್ಷಿಪಣಿ ಬಿಟ್ಟು ಹಿಂದಿರುಗಿದವು. ಆ ಹೊತ್ತಿಗೆ ಶೆಫೀಲ್ಡ್ ಉಪಗ್ರಹ ಸಂಪರ್ಕದಲ್ಲಿತ್ತು. ಶತ್ರು ರೇಡಾರ್ ಆಲಿಸುವ ಅದರ ಉಪಕರಣಕ್ಕೆ ಇದರಿಂದ ಅಡ್ಡಿಯಾಗಿತ್ತು. 20 ಮಂದಿ ಸತ್ತರು.

ಇಂದಿನ ಹಲವು ಯುದ್ಧನೌಕೆಗಳು ಸುತ್ತಿಗಾಗಿ ಕಾಯುವುದಿಲ್ಲ. ನಮ್ಮ ಐಎನ್‌ಎಸ್ ಕೋಲ್ಕತಾದ ಎಂಎಫ್-ಸ್ಟಾರ್ ರೇಡಾರ್‌ನ ನಾಲ್ಕು ಫಲಕಗಳು ನಾಲ್ಕು ದಿಕ್ಕಿಗೆ ಕದಲದೆ ಕೂತಿವೆ. ಕಿರಣ ಮಾತ್ರ ವಿದ್ಯುನ್ಮಾನದಿಂದ ತಿರುಗುವುದರಿಂದ, ಅನುಮಾನ ಬಂದ ಕಡೆ ತಕ್ಷಣ ಮತ್ತೆ ನೋಡಬಹುದು.

ಆದರೆ ದಿಗಂತ ಹಿಂದೆ ಸರಿಯಬೇಕಾದರೆ ಆಂಟೆನಾವನ್ನೇ ಮೇಲಕ್ಕೆತ್ತಬೇಕು. ನೌಕಾಪಡೆಯ ಕಾಮೊವ್-31 ಹೆಲಿಕಾಪ್ಟರ್ ಮಾಡುವುದು ಅದನ್ನೇ: 3,000 ಮೀಟರಿನಲ್ಲಿ ನಿಂತ ರೇಡಾರ್‌ಗೆ ಅದೇ 4 ಮೀ. ಎತ್ತರದ ಕ್ಷಿಪಣಿಯ ದಿಗಂತ 29ರಿಂದ ಸುಮಾರು 230 ಕಿ.ಮೀ.ಗೆ ಏರುತ್ತದೆ.