ಅಳು ನಿಂತರೆ ಮಗು ಸಮಾಧಾನವಾಗಿದೆ ಅಂತ ಅರ್ಥವೇ?

ಒಂದೂವರೆ ವರ್ಷದ ಮಗಳು ಡೇಕೇರ್‌ಗೆ ಬಿಡುವಾಗ ಅಳುತ್ತಾಳೆ, ಅಲ್ಲಿನವರು "ನೀವು ಹೋದ ಐದು ನಿಮಿಷಕ್ಕೆ ಸುಮ್ಮನಾಗ್ತಾಳೆ" ಅಂತಾರೆ, ಹಾಗಾದರೆ ಚಿಂತೆ ಬಿಡಬಹುದಾ ಅಂತ ಕೇಳಿದ್ದೀರಿ. ನಾನು 11 ವರ್ಷ ಡೇಕೇರ್‌ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಂಡವಳು. ಆ ಮಾತನ್ನು ನಾನೂ ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅಷ್ಟು ಕೇಳಿ ಸುಮ್ಮನಾಗಬೇಡಿ.

ಒಬ್ಬ ಹುಡುಗ ಬರುತ್ತಿದ್ದ, ಎರಡು ವರ್ಷ ತುಂಬಿರಲಿಲ್ಲ. ಬೆಳಗ್ಗೆ ಸ್ವಲ್ಪ ಅತ್ತು ನಿಲ್ಲಿಸುತ್ತಿದ್ದ. ಆದರೆ ಶೂ ಬಿಚ್ಚಲು ಬಿಡುತ್ತಿರಲಿಲ್ಲ. ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು, ಬಾಗಿಲು ಕಾಣುವ ಮೂಲೆಯಲ್ಲಿ ಕೂರುತ್ತಿದ್ದ. ಮಧ್ಯಾಹ್ನ ಎಲ್ಲರೂ ನಿದ್ದೆ ಹೋದರೂ ಇವನು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದ. "ಒಳ್ಳೆ ಮಗು, ಒಂಚೂರೂ ಕಾಟ ಇಲ್ಲ" ಅಂತ ನಾವು ಮಾತಾಡಿಕೊಂಡಿದ್ದೆವು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಕಾರ್ಟಿಸಾಲ್ ಅನ್ನುವ ಹಾರ್ಮೋನು ಬೆಳಗ್ಗೆ ಎದ್ದಾಗ ಜಾಸ್ತಿ ಇದ್ದು, ಸಂಜೆ ಹೊತ್ತಿಗೆ ಇಳಿಯುತ್ತದೆ. ಒತ್ತಡವಾದರೆ ಏರುತ್ತದೆ. ಮಕ್ಕಳ ಜೊಲ್ಲು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ, ಮನೆಯಲ್ಲಿದ್ದ ದಿನ ಇಳಿಯುತ್ತಿದ್ದ ಇದು ಡೇಕೇರ್‌ನಲ್ಲಿದ್ದ ದಿನ ಮಧ್ಯಾಹ್ನಕ್ಕೆ ಏರಿದ್ದು ಕಂಡಿದೆ. ಮೂರು ವರ್ಷದೊಳಗಿನವರಲ್ಲೇ ಜಾಸ್ತಿ. ಗಾಬರಿ ಬೇಡ, ಏರಿದ ಮಾತ್ರಕ್ಕೆ ಮಗುವಿಗೆ ಹಾನಿ ಆಯ್ತು ಅಂತಲ್ಲ. ಅಷ್ಟು ಮಕ್ಕಳ ನಡುವೆ ಇಡೀ ದಿನ ಕಳೆಯುವುದು ಆ ವಯಸ್ಸಿಗೆ ದೊಡ್ಡ ಕೆಲಸ ಅಲ್ವಾ?

ನನ್ನ ಕಣ್ಣು ತೆರೆಸಿದ್ದು ಅಮೆರಿಕದ ಸಂಶೋಧಕಿ ಮೆಗನ್ ಗನ್ನರ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ ಅಧ್ಯಯನ. 9 ತಿಂಗಳ ಕೂಸುಗಳನ್ನು ಅರ್ಧ ಗಂಟೆ ತಾಯಿಯಿಂದ ದೂರ, ನೋಡಿಕೊಳ್ಳುವ ಬೇರೆಯವರ ಬಳಿ ಇಟ್ಟು ನೋಡಿದರು. ಅತ್ತಾಗ ಸಮಾಧಾನ ಮಾಡಿ, ಉಳಿದಂತೆ ತಮ್ಮ ಪಾಡಿಗೆ ತಾವಿದ್ದವರ ಬಳಿ ಕೂಸುಗಳ ಕಾರ್ಟಿಸಾಲ್ ಏರಿತು. ನಗುತ್ತಾ, ಮಾತಾಡುತ್ತಾ, ಆಡಿಸುತ್ತಾ ಇದ್ದವರ ಬಳಿ ಅಷ್ಟು ಏರಲಿಲ್ಲ.

ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಹೇಳದೆ ಹೋಗಿ. ಅಳುತ್ತಿರುವ ಮಗುವನ್ನಲ್ಲ, ಅಳದೆ ಸುಮ್ನೆ ಕೂತ ಮಗುವನ್ನು ನೋಡಿ. ಯಾರಾದರೂ ಅದರ ಮಟ್ಟಕ್ಕೆ ಕೂತು ಮಾತಾಡಿಸುತ್ತಾರಾ? ಡೈಪರ್ ಬದಲಿಸುವಾಗ ಮುಖ ನೋಡುತ್ತಾರಾ? ನಿಮ್ಮ ಮಗಳ ವಯಸ್ಸಿನ 4 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಲಹೆ ಇದೆ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರೇ ಇದ್ದರೆ ಎಷ್ಟೇ ಒಳ್ಳೆಯವರಾದರೂ ಕೈ ಸಾಲದು, ಇದು ನನ್ನ ಅನುಭವ. "ನನ್ನ ಮಗಳನ್ನು ದಿನಾ ನೋಡಿಕೊಳ್ಳುವವರು ಯಾರು?" ಅಂತ ಕೇಳಿ. ಒಬ್ಬರ ಹೆಸರು ಬರಬೇಕು. "ಎಲ್ಲರೂ ನೋಡ್ಕೊಳ್ತೀವಿ" ಅಂದರೆ ಇನ್ನಷ್ಟು ವಿಚಾರಿಸಿ. ಸಂಜೆ ನಿಮ್ಮನ್ನು ಕಂಡ ಕೂಡಲೇ ಅವಳು ಅತ್ತರೆ ನೊಂದುಕೊಳ್ಳಬೇಡಿ, ತಡೆದಿಟ್ಟಿದ್ದನ್ನು ನಿಮ್ಮ ಹತ್ತಿರ ಬಿಡುತ್ತಿದ್ದಾಳೆ.

ಆ ಹುಡುಗನಿಗೂ ಕೊನೆಗೆ ಒಬ್ಬರನ್ನೇ ಗೊತ್ತು ಮಾಡಿದೆವು. ಅವರು ಶೂ ಬಿಚ್ಚು ಅನ್ನಲೇ ಇಲ್ಲ. ದಿನಾ ಪಕ್ಕದಲ್ಲಿ ಕೂತು ಬ್ಯಾಗಿನ ಜಿಪ್ಪನ್ನು ಅವನ ಜೊತೆ ಎಳೆದು ಹಾಕಿ ಆಡುತ್ತಿದ್ದರು. ಒಂಬತ್ತನೇ ದಿನ ಅವನೇ ಕಾಲು ಚಾಚಿ ಅವರ ಮಡಿಲಲ್ಲಿಟ್ಟ.