ಕಟುಕರೋಹಿಣಿ ಕುಂಡದಲ್ಲಿ ಬರುತ್ತಾ, ದಿನಾ ತಗೊಳ್ಳಬಹುದಾ?

ಕಟುಕರೋಹಿಣಿಯನ್ನು ಕುಂಡದಲ್ಲಿ ಬೆಳೆಸಬಹುದಾ, ಅದರ ಪುಡಿಯನ್ನು ಲಿವರ್‌ಗೆ ಒಳ್ಳೆಯದು ಅಂತ ದಿನಾ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಎರಡೂ ಬೇಡ ಅಂತಲೇ ನನ್ನ ಉತ್ತರ.

ಮೊದಲು ಗಿಡದ ವಿಷಯ. ಇದು ಹಿಮಾಲಯದ್ದು. ಸುಮಾರು 3000 ಮೀಟರ್ ದಾಟಿದ ಮೇಲೆ, ಮರಗಳು ಮುಗಿದು ಬರೀ ಹುಲ್ಲು, ಬಂಡೆ ಇರುವ ಕಡೆ ಬೆಳೆಯುತ್ತದೆ, ಚಳಿಗಾಲ ಪೂರ್ತಿ ಹಿಮದಡಿ ಮಲಗಿರುತ್ತದೆ. ಅಂಥ ಗಿಡ ಸೆಕೆಯ ಊರಿನ ಕುಂಡದಲ್ಲಿ ಉಳಿಯುವುದಿಲ್ಲ. ಆನ್‌ಲೈನಲ್ಲಿ ಸಸಿ ಸಿಗುತ್ತೆ ಅಂತ ಸುಮ್ನೆ ದುಡ್ಡು ಹಾಕಬೇಡಿ.

ಇನ್ನು ಔಷಧಿ. ನಾವು ಬೇರು ಅನ್ನುವುದು ನಿಜಕ್ಕೂ ಶುಂಠಿಯ ಹಾಗೆ ನೆಲದೊಳಗೆ ಹರಿಯುವ ಕಾಂಡ. ಹೆಸರಿನಲ್ಲಿ ಕಟು ಇದ್ದರೂ ರುಚಿ ಖಾರ ಅಲ್ಲ, ಕಡು ಕಹಿ. ಚೂರು ಬಾಯಿಗೆ ಹಾಕಿದರೆ ನೀರು ಕುಡಿದ ಮೇಲೂ ನಾಲಿಗೆಯ ಬುಡದಲ್ಲಿ ಆ ಕಹಿ ಕೂತೇ ಇರುತ್ತದೆ. ಕಾಮಾಲೆ, ಪಿತ್ತದ ಜ್ವರ, ಮಲಬದ್ಧತೆ, ಹಸಿವಾಗದಿರುವುದು, ಇವಕ್ಕೆಲ್ಲ ಆಯುರ್ವೇದದಲ್ಲಿ ಹಿಂದಿನಿಂದಲೂ ಕೊಡುತ್ತಾ ಬಂದಿದ್ದಾರೆ. ಬೆಟ್ಟದ ಜನ ಹೊಟ್ಟೆನೋವಿಗೆ, ಜ್ವರಕ್ಕೆ ಬಳಸುತ್ತಾರೆ. ಪಿಕ್ರೋಸೈಡ್ ಅನ್ನುವ ಕಹಿ ಅಂಶಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಲಿವರನ್ನು ಕಾಪಾಡಿದ್ದು ನಿಜ, ಆದರೆ ಮನುಷ್ಯರ ಮೇಲೆ ದೊಡ್ಡ ಪರೀಕ್ಷೆಗಳು ಕಡಿಮೆ.

ಜನ ಮರೆಯುವುದು ಒಂದೇ ವಿಷಯ. ಇದು ಭೇದಿ ಮಾಡಿಸುವ ಮದ್ದು. ಪುಡಿಯ ಪ್ರಮಾಣ 1ರಿಂದ 3 ಗ್ರಾಂ, ಅದೂ ವೈದ್ಯರು ಹೇಳಿದಷ್ಟು ದಿನ ಮಾತ್ರ. ನಮ್ಮ ಮಾವ ಯಾರೋ ಹೇಳಿದರು ಅಂತ ಬೆಳಿಗ್ಗೆ ಬೆಳಿಗ್ಗೆ ದೊಡ್ಡ ಚಮಚದಲ್ಲಿ ಒಂದು ಚಮಚ ತಗೊಂಡು, ಮೂರನೇ ದಿನಕ್ಕೆ ಎದ್ದು ನಿಲ್ಲೋಕೂ ಆಗದ ಹಾಗೆ ಸುಸ್ತಾಗಿ ಬಿದ್ದುಬಿಟ್ಟಿದ್ದರು. ಅದನ್ನು ಕಣ್ಣಾರೆ ನೋಡಿದ್ದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬಸುರಿಯರು, ಹಾಲೂಡಿಸುವವರು, ಶುಗರ್ ಮಾತ್ರೆ ತಗೊಳ್ಳುವವರು ತಾವಾಗಿಯೇ ಶುರು ಮಾಡಲೇಬಾರದು. ನೀವು ಈಗಾಗಲೇ ಆರೋಗ್ಯವರ್ಧಿನಿ ಅನ್ನುವ ಆಯುರ್ವೇದದ ಮಾತ್ರೆ ತಗೊಳ್ಳುತ್ತಿದ್ದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಕಟುಕರೋಹಿಣಿಯೇ ಇರುತ್ತದೆ, ಮೇಲೆ ಮತ್ತೆ ಪುಡಿ ಸೇರಿಸಿದರೆ ಜಾಸ್ತಿ ಆಯ್ತು ಅಲ್ವಾ?

ವೈದ್ಯರು ಬರೆದುಕೊಟ್ಟರೆ ಗ್ರಂಥಿಗೆ ಅಂಗಡಿಯಲ್ಲಿ ಪುಡಿ ಕೇಳಬೇಡಿ, ತುಂಡುಗಳನ್ನೇ ಕೇಳಿ. ಬೂದು ಮಿಶ್ರಿತ ಕಂದು ಬಣ್ಣ, ಸ್ವಲ್ಪ ಸೊಟ್ಟ, ಹಗುರ, ಮುರಿದರೆ ಪಟ್ಟನೆ ಮುರಿಯಬೇಕು. ಮುರಿದ ಜಾಗ ಕಪ್ಪಗಿದ್ದು ನಡುವೆ ಬಿಳಿ ಚುಕ್ಕಿಗಳು ಬಳೆಯ ಹಾಗೆ ಸುತ್ತಲೂ ಕಾಣಬೇಕು. ಕಹಿ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಹಿಮಾಲಯದ್ದೇ ಇನ್ನೊಂದು ಕಹಿ ಬೇರನ್ನು ಇದಕ್ಕೆ ಬೆರೆಸುತ್ತಾರೆ.

ಇನ್ನೊಂದು ಮಾತು, ನನಗೆ ಇದು ಮನಸ್ಸಿಗೆ ಹತ್ತಿರದ್ದು. ಔಷಧಿಗೆ ಬೇಕಾದ್ದು ನೆಲದೊಳಗಿನ ಭಾಗವಾದ್ದರಿಂದ ಕಿತ್ತರೆ ಗಿಡವೇ ಹೋಯಿತು. ಹೀಗೆ ಕಿತ್ತೂ ಕಿತ್ತೂ ಕಾಡಿನಲ್ಲಿ ವಿರಳವಾಗಿದೆ, ಹೊರದೇಶದ ವ್ಯಾಪಾರಕ್ಕೂ ಸೈಟಿಸ್ ಅನ್ನುವ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಇದೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಘೇಸ್ ಕಡೆ ರೈತರು ಹೊಲದಲ್ಲೇ ಬೆಳೆಯುತ್ತಾರೆ, ಕೊಯ್ಲಿಗೆ ಮೂರು ವರ್ಷವಾದರೂ ಕಾಯಬೇಕು. ಬೆಲೆ ಜಾಸ್ತಿ ಆದರೂ ಬೆಳೆದದ್ದನ್ನೇ ಕೇಳಿ ತಗೊಳ್ಳಿ.

ಕಣ್ಣು ಹಳದಿ ಆಗಿದ್ದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕುಂಡದಲ್ಲಿ ಕಹಿ ಗಿಡವೊಂದು ಇರಲಿ ಅಂತ ಆಸೆಯಿದ್ದರೆ ನೆಲಬೇವು ಹಾಕಿ. ಮಳೆ ಶುರುವಾಗುವಾಗ ಬೀಜ ಉದುರಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಹೂ ಬರುತ್ತದೆ.