ಕಾರಣ ಮೊದಲೇ ಗೊತ್ತಿದ್ದರೆ ಡಿಬಿಎ ಯಾಕೆ ಮಾಡ್ತೀರಿ?

ಡಿಬಿಎ ಅಂದರೆ ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್. ಅದರಲ್ಲಿ ಏನೇನಿದೆ, ಯಾರು ಸೇರಬಹುದು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಯಾವುದೇ ವಿಶ್ವವಿದ್ಯಾಲಯದ ಪ್ರವೇಶ ಪುಟದಲ್ಲಿ ಅದು ಸಿಗುತ್ತದೆ. ಪದೇ ಪದೇ ಬರುವ ಕೆಲವು ಪ್ರಶ್ನೆಗಳಿಗೆ ಮಾತ್ರ ಈ ಸಲ ಉತ್ತರ.

ಪಿಎಚ್‌.ಡಿ. ದೊಡ್ಡದಾ, ಡಿಬಿಎ ದೊಡ್ಡದಾ?

ಎರಡೂ ಡಾಕ್ಟರೇಟ್. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ದಶಕಗಳ ಕಾಲ ಡಿಬಿಎ ಪದವಿಯನ್ನೇ ಕೊಟ್ಟಿತು. ಅದನ್ನು ಪಡೆದ ಎಷ್ಟೋ ಜನ ಪ್ರೊಫೆಸರ್‌ಗಳಾದರು. 2018ರಲ್ಲಿ ಅದೇ ಕೋರ್ಸ್ ಪಿಎಚ್‌.ಡಿ. ಆಯಿತು. ಹೆಸರು ನೋಡಿ ತೂಕ ಅಳೆಯಬೇಡಿ. ಪೂರ್ಣಾವಧಿ ಪಾಠ ಮತ್ತು ಸಂಶೋಧನೆಗೆ ಹೋಗುವವರಿಗೆ ಪಿಎಚ್‌.ಡಿ. ಸರಿ. ಕೆಲಸದಲ್ಲಿ ಇದ್ದುಕೊಂಡೇ ಆ ಕೆಲಸದ ಬಗ್ಗೆ ಸಂಶೋಧನೆ ಮಾಡುವವರಿಗೆ ಡಿಬಿಎ.

ಒಳ್ಳೆಯ ಟಾಪಿಕ್ ಒಂದು ಕೊಡಿ.

ಕೊಡುವುದಿಲ್ಲ. ನಿಮ್ಮನ್ನು ವರ್ಷಗಟ್ಟಲೆ ಕಾಡುವ ಪ್ರಶ್ನೆ ನಿಮ್ಮಲ್ಲೇ ಇಲ್ಲದಿದ್ದರೆ ಈಗ ಸೇರಬೇಡಿ.

ನಾನು ಒಂದು ತಯಾರಿಕಾ ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥ, 18 ವರ್ಷದ ಅನುಭವ ಇದೆ. ನಮ್ಮಲ್ಲಿ ಒಳ್ಳೊಳ್ಳೆ ಕೆಲಸಗಾರರು ಎರಡೇ ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಕಾರಣ ನನಗೆ ಗೊತ್ತು: ಮಧ್ಯದ ಹಂತದ ಮ್ಯಾನೇಜರ್‌ಗಳು. ಇದನ್ನೇ ಡಿಬಿಎ ಟಾಪಿಕ್ ಮಾಡಿಕೊಂಡು, ನನ್ನ ತಂಡದವರನ್ನೇ ಸಂದರ್ಶಿಸಿ ಬೇಗ ಮುಗಿಸಬಹುದಾ? ನಮ್ಮ ಎಂ.ಡಿ. ಒಪ್ಪಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು "ಕಾರಣ ನನಗೆ ಗೊತ್ತು" ಎನ್ನುವ ಮಾತು. ನಿಜಕ್ಕೂ ಗೊತ್ತಿದ್ದರೆ ನಾಳೆಯೇ ಹೋಗಿ ಸರಿಪಡಿಸಿ. ಅದಕ್ಕೆ ಡಾಕ್ಟರೇಟ್ ಬೇಕಿಲ್ಲ. ಅನುಭವಿಗಳು ಎಡವುವುದು ಇಲ್ಲೇ. ಉತ್ತರ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ, ಅದಕ್ಕೆ ಸಾಕ್ಷಿ ಹುಡುಕುವುದನ್ನೇ ಸಂಶೋಧನೆ ಅಂದುಕೊಳ್ಳುತ್ತಾರೆ. ನಾಲ್ಕು ವರ್ಷ ಹಾಗೆ ಹುಡುಕಿದರೆ ಸಾಕ್ಷಿ ಸಿಕ್ಕೇ ಸಿಗುತ್ತದೆ. ಆದರೆ ವೈವಾದಲ್ಲಿ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು, "ಇದು ತಪ್ಪಾಗಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತಿತ್ತು?" ಎಂದು ಕೇಳಿದಾಗ ಹೇಳಲು ಏನೂ ಇರುವುದಿಲ್ಲ.

ಕಂಪನಿಯ ಸಮಸ್ಯೆ ಬೇರೆ, ಸಂಶೋಧನೆಯ ಪ್ರಶ್ನೆ ಬೇರೆ. "ಜನ ಬಿಟ್ಟು ಹೋಗುತ್ತಿದ್ದಾರೆ, ತಡೆಯುವುದು ಹೇಗೆ" ಎಂಬುದು ಸಮಸ್ಯೆ. ಅದಕ್ಕೆ ಒಬ್ಬ ಕನ್ಸಲ್ಟೆಂಟ್ ಸಾಕು. "ಒಬ್ಬನೇ ಕೆಟ್ಟ ಮ್ಯಾನೇಜರ್ ಕೈಕೆಳಗೆ ಇದ್ದವರಲ್ಲಿ ಕೆಲವರು ಬಿಟ್ಟರು, ಕೆಲವರು ಉಳಿದರು, ಯಾಕೆ?" ಎಂದು ಕೇಳಿ ನೋಡಿ. ಈಗ ನಿಮಗೂ ಉತ್ತರ ಗೊತ್ತಿಲ್ಲ, ಅಲ್ವಾ? ಸಂಶೋಧನೆ ಶುರುವಾಗುವುದು ಅಲ್ಲಿಂದ.

ಈ ವಿಷಯದಲ್ಲಿ ನೀವು ಮೊದಲಿಗರೂ ಅಲ್ಲ. 1958ರಷ್ಟು ಹಿಂದೆಯೇ ಸಂಸ್ಥೆಗಳ ಬಗ್ಗೆ ಸಂಶೋಧನೆ ಮಾಡಿದ ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ ಇದನ್ನು ಎರಡು ಎಳೆಯಾಗಿ ಬಿಡಿಸಿದ್ದರು: ಬಿಡಬೇಕು ಎಂಬ ಆಸೆ ಎಷ್ಟಿದೆ, ಬಿಟ್ಟರೆ ಬೇರೆ ಕಡೆ ಕೆಲಸ ಸಿಗುವುದು ಎಷ್ಟು ಸುಲಭ. ಕೆಟ್ಟ ಮ್ಯಾನೇಜರ್ ಇದ್ದೂ ಹೊರಗೆ ಕೆಲಸ ಸಿಗದಿದ್ದರೆ ಜನ ಕೂತಿರುತ್ತಾರೆ. 2001ರಲ್ಲಿ ಇನ್ನೊಂದು ತಂಡ ಪ್ರಶ್ನೆಯನ್ನೇ ತಿರುಗಿಸಿ, ಜನ ಯಾಕೆ ಉಳಿಯುತ್ತಾರೆ ಎಂದು ಕೇಳಿತು. ಕೆಲಸದಲ್ಲೂ ಊರಲ್ಲೂ ಇರುವ ನಂಟುಗಳು, ಅಲ್ಲಿಗೆ ತಾವು ಹೊಂದುತ್ತೇವೆ ಎಂಬ ಭಾವನೆ, ಹೋದರೆ ಕಳೆದುಕೊಳ್ಳಬೇಕಾದದ್ದು, ಈ ಮೂರೂ ಸೇರಿ ಜನರನ್ನು ಹಿಡಿದಿಡುತ್ತವೆ ಎಂದು ಅವರು ತೋರಿಸಿದರು. ಇದನ್ನೆಲ್ಲ ಓದದೆ "ಮ್ಯಾನೇಜರ್‌ಗಳೇ ಕಾರಣ" ಎಂದು ಬರೆದರೆ, ಅರುವತ್ತು ವರ್ಷದ ಹಿಂದಿನ ಮಾತನ್ನೂ ಅರ್ಧ ಹೇಳಿದಂತಾಗುತ್ತದೆ. ಹೀಗೆ ಹಿಂದಿನ ಸಂಶೋಧನೆಗಳನ್ನು ಓದಿ ತೂಗುವ ಲಿಟರೇಚರ್ ರಿವ್ಯೂ ಅಂದರೆ ಪುಟ ತುಂಬಿಸುವ ಕೆಲಸ ಅಂದುಕೊಂಡವರು ಸುಮ್ನೆ ವರ್ಷ ಕಳೆದುಕೊಳ್ಳುತ್ತಾರೆ.

ಇನ್ನು ನಿಮ್ಮ ತಂಡದವರನ್ನೇ ಸಂದರ್ಶಿಸುವ ವಿಚಾರ. ಬೇಡವೇ ಬೇಡ. ಅವರ ಇನ್‌ಕ್ರಿಮೆಂಟ್‌ಗೆ ಸಹಿ ಹಾಕುವವರು ನೀವು. ನೀವು ರೆಕಾರ್ಡರ್ ಹಿಡಿದು ಎದುರಿಗೆ ಕೂತರೆ ಯಾರು "ಬೇಡ ಸರ್" ಅನ್ನುತ್ತಾರೆ? ಅದು ಒಪ್ಪಿಗೆ ಆಗುವುದಿಲ್ಲ. ಸಂಶೋಧನೆಗೆ ಅನುಮತಿ ಕೊಡುವ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ಮೊದಲು ಕೇಳುವ ಪ್ರಶ್ನೆಯೇ ಇದು. ಅವರು ಒಪ್ಪಿದರೂ ನಿಮಗೆ ಸಿಗುವುದು ನಿಮಗೆ ಇಷ್ಟವಾಗುವ ಉತ್ತರ. ಬೇರೆ ವಿಭಾಗದವರನ್ನು ತೆಗೆದುಕೊಳ್ಳಿ, ಇಲ್ಲವೇ ಸಂದರ್ಶನವನ್ನು ಹೊರಗಿನವರಿಂದ ಮಾಡಿಸಿ. ಯಾರು ಏನು ಹೇಳಿದರು ಎಂದು ಗುರುತು ಸಿಗದಂತೆ ಮಾಡಿದ ಮೇಲೆ ಮಾತ್ರ ಅದು ನಿಮ್ಮ ಕೈಗೆ ಬರಲಿ. ಬಿಟ್ಟು ಹೋದವರ ಜೊತೆಗೆ ಉಳಿದವರನ್ನೂ ಕೇಳಲೇಬೇಕು. ಬಿಟ್ಟವರು ಹೇಳಿದ ದೂರುಗಳನ್ನೇ ಉಳಿದವರೂ ಹೇಳಿದರೆ, ನೀವು ನಂಬಿದ ಕಾರಣ ಅಲ್ಲಿಗೇ ಅಲುಗಾಡುತ್ತದೆ. ಅದು ಮೊದಲ ವರ್ಷವೇ ಅಲುಗಾಡಲಿ. ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ: ನಿಮ್ಮ ಉತ್ತರ ಏನೆಂದು ಮೊದಲೇ ಒಂದು ಪುಟದಲ್ಲಿ ಬರೆದು ಗೈಡ್ ಕೈಗೆ ಕೊಡಿ. ಆಮೇಲೆ ಅದಕ್ಕೆ ವಿರುದ್ಧವಾದ ಉದಾಹರಣೆಗಳನ್ನೇ ಹುಡುಕಿ.

"ಎಂ.ಡಿ. ಒಪ್ಪಿದ್ದಾರೆ" ಅಂದಿರಿ. ಬಾಯಿಮಾತಲ್ಲಾ, ಕಾಗದದಲ್ಲಾ? ಯಾವ ದಾಖಲೆ ಕೊಡುತ್ತಾರೆ, ಕಂಪನಿಯ ಹೆಸರು ಮುಚ್ಚಿಡಬೇಕಾ, ಕಹಿ ಫಲಿತಾಂಶ ಬಂದರೂ ಬರೆಯಬಹುದಾ, ನೀವು ಕೆಲಸ ಬಿಟ್ಟರೆ ಅಥವಾ ಅವರೇ ಬಿಟ್ಟರೆ ಏನು, ಎಲ್ಲವೂ ಬರಹದಲ್ಲಿ ಇರಬೇಕು. ಥೀಸಿಸ್ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಹೋಗುತ್ತದೆ. ಕೆಲವು ವರ್ಷ ಬಹಿರಂಗ ಮಾಡಬೇಡಿ ಎಂದು ಕೇಳಿಕೊಳ್ಳಬಹುದು. ಆದರೂ ಪರೀಕ್ಷಕರು ಓದಿಯೇ ಓದುತ್ತಾರೆ. ಇದು ನಿಮ್ಮ ಎಂ.ಡಿ.ಗೆ ಗೊತ್ತಾ? ಒಂದೇ ಕಂಪನಿಯ ಮಾಹಿತಿಯನ್ನು ನಂಬಿ ಹೊರಟ ನನ್ನ ವಿದ್ಯಾರ್ಥಿಯೊಬ್ಬರ ಕಂಪನಿ ಅರ್ಧ ದಾರಿಯಲ್ಲಿ ಬೇರೆಯವರ ಪಾಲಾಯಿತು. ಹೊಸ ಆಡಳಿತ ಬಾಗಿಲು ಮುಚ್ಚಿತು. ಹಾಗಾಗಿ ಎರಡನೇ ಕಂಪನಿಯೊಂದರ ಒಪ್ಪಿಗೆ ಇಲ್ಲದೆ ಯಾರನ್ನೂ ಮಾಹಿತಿ ಸಂಗ್ರಹಕ್ಕೆ ನಾನು ಕಳಿಸುವುದಿಲ್ಲ. ಇದು ಅತಿಯಾಯಿತು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಬದಲಾಯಿಸುವುದಿಲ್ಲ. ಹೇಗೂ ಎರಡನೇ ಕಂಪನಿ ಇದ್ದರೆ, ನೀವು ಕಂಡುಕೊಂಡದ್ದು ನಿಮ್ಮ ಗೋಡೆಯ ಆಚೆಗೂ ನಿಲ್ಲುತ್ತದಾ ಎಂದು ನೋಡಬಹುದು.

"ಬೇಗ" ಎನ್ನುವುದನ್ನು ಮರೆತುಬಿಡಿ. ಪಾರ್ಟ್‌ಟೈಮ್ ಡಿಬಿಎಗೆ ಮೂರರಿಂದ ಐದು ವರ್ಷ ಸಾಮಾನ್ಯ, ಜಾಸ್ತಿಯೂ ಆಗುತ್ತದೆ. ಶುರುವಿನ ತರಗತಿಗಳು ಕಷ್ಟವಲ್ಲ. ಅಲ್ಲಿ ಜೊತೆಯವರು ಇರುತ್ತಾರೆ, ಕೊನೆ ದಿನಾಂಕ ಇರುತ್ತದೆ. ಆಮೇಲಿನ ಥೀಸಿಸ್ ವರ್ಷಗಳಲ್ಲಿ ನೀವು ಒಬ್ಬರೇ. ವಾರಕ್ಕೆ 15 ಗಂಟೆ ಎತ್ತಿಡಲು ಆಗದಿದ್ದರೆ ಆ ಹಂತ ದಾಟುವುದು ಕಷ್ಟ. ಮನೆಯವರ ಜೊತೆ ಕೂತು, ಆ ಗಂಟೆಗಳು ಯಾವ ದಿನದಿಂದ ಬರುತ್ತವೆ ಎಂದು ಲೆಕ್ಕ ಹಾಕಿದ ಮೇಲೆ ಅರ್ಜಿ ತುಂಬಿ.

ಸಂದರ್ಶನ ಆಧಾರಿತ ಸಂಶೋಧನೆಯಲ್ಲಿ ಲೆಕ್ಕ ಇಲ್ಲ, ಅದೇ ಸುಲಭ ಅಲ್ವಾ?

ಇಲ್ಲ. ಅಂಕಿಅಂಶಕ್ಕೆ ಹೆದರಿ ಸಂದರ್ಶನ ಆರಿಸಿಕೊಂಡವರು ನೂರಾರು ಪುಟದ ಮಾತಿನ ಮುಂದೆ ಕಂಗಾಲಾಗಿ ಕೂರುತ್ತಾರೆ.

ನಿಮ್ಮ ಅನುಭವವೇ ಸಾಕು, ಥೀಸಿಸ್ ಬೇಡ, ಆರು ತಿಂಗಳಲ್ಲಿ ಡಿಬಿಎ ಕೊಡಿಸುತ್ತೇವೆ ಎಂದು ಒಂದು ಏಜೆನ್ಸಿ ಹೇಳುತ್ತಿದೆ. ಮಾನ್ಯತೆಯ ಮುದ್ರೆಯೂ ಇದೆ. ನಂಬಬಹುದಾ?

ನಂಬಬೇಡಿ. ಇದು ಮೋಸ. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತನಿಖಾಧಿಕಾರಿಗಳು ಇಂಥದ್ದೇ ಒಂದು ಸಂಸ್ಥೆಗೆ ಬೆಕ್ಕೊಂದರ ಹೆಸರಲ್ಲಿ ಅರ್ಜಿ ಹಾಕಿ ಎಂಬಿಎ ಪಡೆದರು, ಆಮೇಲೆ ಕೇಸು ಹಾಕಿದರು. 2015ರಲ್ಲಿ ಪಾಕಿಸ್ತಾನದ ಆಕ್ಸಾಕ್ಟ್ ಎಂಬ ಕಂಪನಿ ನಕಲಿ ವಿಶ್ವವಿದ್ಯಾಲಯಗಳ ಜಾಲ ಕಟ್ಟಿ ಪದವಿ ಮಾರುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಇಂಥವರು ಮಾನ್ಯತೆ ಕೊಡುವ ಸಂಸ್ಥೆಗಳನ್ನೂ ತಾವೇ ಹುಟ್ಟಿಸಿಕೊಳ್ಳುತ್ತಾರೆ. ಆದ್ದರಿಂದ ಮುದ್ರೆಗೆ ಬೆಲೆ ಇಲ್ಲ. ಬಿಸಿನೆಸ್ ಶಿಕ್ಷಣಕ್ಕೆ ನಿಜವಾದ ಮಾನ್ಯತೆ ಅಂದರೆ ಎಎಸಿಎಸ್‌ಬಿ (1916ರಿಂದ ಇದೆ), ಎಎಂಬಿಎ, ಇಕ್ವಿಸ್. ಇವುಗಳ ಪಟ್ಟಿಯನ್ನು ಅವರವರ ತಾಣದಲ್ಲೇ ನೋಡಿ. ಎಎಂಬಿಎ ಡಿಬಿಎ ಕೋರ್ಸ್‌ಗಳಿಗೂ ಮಾನ್ಯತೆ ಕೊಡುತ್ತದೆ. ಇಕ್ವಿಸ್ ನೋಡುವುದು ಇಡೀ ಬಿಸಿನೆಸ್ ಸ್ಕೂಲನ್ನು. ಇವೆಲ್ಲಕ್ಕಿಂತ ಮೊದಲು, ಪದವಿ ಕೊಡುವ ಕಾನೂನಿನ ಅಧಿಕಾರ ಆ ಸಂಸ್ಥೆಗೆ ಇದೆಯಾ ಎಂದು ಆ ದೇಶದ ಉನ್ನತ ಶಿಕ್ಷಣ ಪ್ರಾಧಿಕಾರದಲ್ಲಿ ವಿಚಾರಿಸಿ. ನಿಮ್ಮ ದೇಶದಲ್ಲಿ ಅದಕ್ಕೆ ಮನ್ನಣೆ ಇದೆಯಾ ಎಂಬುದು ಬೇರೆಯದೇ ಪ್ರಶ್ನೆ. ಅದನ್ನೂ ಹಣ ಕಟ್ಟುವ ಮೊದಲೇ ಕೇಳಿ. ಥೀಸಿಸ್ ಇಲ್ಲದ, ವೈವಾ ಇಲ್ಲದ ಡಾಕ್ಟರೇಟ್ ಮಾರುವವರ ಜೊತೆ ಚೌಕಾಸಿಗೂ ನಿಲ್ಲಬೇಡಿ.

ಥೀಸಿಸ್ ಬರೆದುಕೊಡುವವರು ಇದ್ದಾರಂತೆ?

ಇದ್ದಾರೆ. ವೈವಾದಲ್ಲಿ ನಿಮ್ಮ ಬದಲು ಅವರು ಕೂರುವುದಿಲ್ಲ. ಸಿಕ್ಕಿಬಿದ್ದರೆ ಪದವಿ ಬಂದ ಮೇಲೂ ವಾಪಸ್ ಹೋಗುತ್ತದೆ.

ನನಗೆ 54 ವರ್ಷ. ಈಗ ಸೇರಿದರೆ ತಡವಾಯಿತಾ?

ತಡವಾಗಿಲ್ಲ. ಡಿಬಿಎ ತರಗತಿಯಲ್ಲಿ ನಿಮ್ಮ ವಯಸ್ಸಿನವರು ಬೇಕಾದಷ್ಟು ಜನ ಇರುತ್ತಾರೆ, ಬಹಳ ಚೆನ್ನಾಗಿ ಓದುತ್ತಾರೆ. ಆದರೆ ಬಡ್ತಿ, ಸಂಬಳ ಲೆಕ್ಕ ಹಾಕಿ ಸಾಲ ಮಾಡಿ ಸೇರುವುದಾದರೆ ನಾನು ಬೇಡ ಅನ್ನುತ್ತೇನೆ. ಡಿಬಿಎ ಮುಗಿಸಿದವರಿಗೆ ಸಂಬಳ ಏರಿಸುತ್ತೇವೆ ಎಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ನಿಮಗೆ ನಿಜವಾಗಿ ಒಂದು ಪ್ರಶ್ನೆ ಇದ್ದರೆ, ಅದನ್ನು ಅರ್ಧ ಪುಟದಲ್ಲಿ ಬರೆಯಿರಿ. ಸೇರಬೇಕು ಅಂದುಕೊಂಡ ಸಂಸ್ಥೆಯಲ್ಲಿ ಆ ವಿಷಯಕ್ಕೆ ಗೈಡ್ ಯಾರು ಎಂದು ಕೇಳಿ. ಅವರ ಕೈಕೆಳಗೆ ಮುಗಿದ ಎರಡು ಥೀಸಿಸ್ ಓದಿ. ಈಗ ಅವರ ಹತ್ತಿರ ಇರುವ ವಿದ್ಯಾರ್ಥಿಯೊಬ್ಬರ ಜೊತೆ ಮಾತಾಡಿ, ಕಳಿಸಿದ ಅಧ್ಯಾಯ ಎಷ್ಟು ದಿನದಲ್ಲಿ ತಿದ್ದಿ ವಾಪಸ್ ಬರುತ್ತದೆ ಎಂದು ತಪ್ಪದೆ ಕೇಳಿ.